ಒಂಟಿ ತೋಳಿನ ಕಂಬದ ಕೆಳಗೆ

ಗೇಟಿನಲ್ಲಿ ಕಾವಲುಗಾರ ಹೊವಿತಾಳನ್ನು ಮತ್ತೆ ತಡೆದ.

"ತಿಂಡಿ ಮಾರೋರು ಹಿಂದಿನ ಗೇಟಿಂದ ಹೋಗ್ಬೇಕು," ಎಂದ. ಮುಖ ಎತ್ತಿಯೂ ನೋಡಲಿಲ್ಲ.

ಹೊವಿತಾ ಕತ್ತಿನಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ಅವನ ಮೂಗಿನ ಮುಂದೆ ಹಿಡಿದಳು. ಇಂಜಿನಿಯರ್, ವಿನ್ಯಾಸ ವಿಭಾಗ. ಅವನು ಚೀಟಿ ನೋಡಿದ, ಅವಳ ಮುಖ ನೋಡಿದ, ಮತ್ತೆ ಚೀಟಿ ನೋಡಿದ. ಕಾವಲುಗಾರರು ಬದಲಾಗುತ್ತಾರೆ, ಈ ನೋಟ ಬದಲಾಗುವುದಿಲ್ಲ. ಮಸಾಹುವಾ ಬುಡಕಟ್ಟಿನ ಮುಖ, ಗಿಡ್ಡ ದೇಹ, ಬೆನ್ನಿನ ಮೇಲೆ ಎರಡು ಜಡೆ. ಮೆಕ್ಸಿಕೊ ನಗರದಲ್ಲಿ ಇಂಥವಳು ಕಿತ್ತಳೆ ಮಾರಬೇಕು, ಇಲ್ಲವೇ ಯಾರದೋ ಮನೆಯ ನೆಲ ಒರೆಸಬೇಕು. ಮೆಟ್ರೊ ರೈಲು ತಲೆಯ ಮೇಲೆ ಓಡುವ ಸೇತುವೆಗೆ ಲೆಕ್ಕ ಹಾಕಿ ನಕ್ಷೆ ಬರೆಯುವುದು ಅವಳ ಕೆಲಸ ಎಂದರೆ ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ಒಳಗೆ ಲಂದೆರೋಸ್ ಕಾಯುತ್ತಿದ್ದ. ವಿನ್ಯಾಸ ವಿಭಾಗದ ಮುಖ್ಯಸ್ಥ. ಅವನಪ್ಪ ಇಂಜಿನಿಯರ್, ತಾತ ಇಂಜಿನಿಯರ್. ಅವನು ಹೊವಿತಾಳನ್ನು ಮರಿಯಾ ಎಂದು ಕರೆಯುತ್ತಿದ್ದ. ಹೆಸರು ಮರೆತು ಹಾಗೆ ಕರೆಯುತ್ತಿರಲಿಲ್ಲ. ಈ ನಗರದಲ್ಲಿ ಬೀದಿ ಬದಿ ಕೂತು ಮಾರುವ ಬುಡಕಟ್ಟಿನ ಹೆಂಗಸರಿಗೆಲ್ಲ ಅದೊಂದೇ ಹೆಸರು. ಹೊವಿತಾಳ ಅವ್ವನನ್ನೂ ಹಾಗೇ ಕರೆದರು. ಸಿಗ್ನಲ್ಲಿನ ಬಳಿ ಕಿತ್ತಳೆ ಬುಟ್ಟಿ ಹೊತ್ತು ನಿಂತವಳನ್ನು ಕಾರಿನ ಕಿಟಕಿ ಇಳಿಸಿ, ಏ ಮರಿಯಾ, ಬಾ ಇಲ್ಲಿ ಎಂದರು. ಅವ್ವ ಸಾಯುವವರೆಗೂ ತನ್ನ ಹೆಸರಿನಿಂದ ಕರೆಸಿಕೊಂಡದ್ದು ಮನೆಯೊಳಗೆ ಮಾತ್ರ.

"ಮರಿಯಾ, ನಾಳೆ ನಿಂದೇ ದಿನ," ಎಂದ ಲಂದೆರೋಸ್. ನಗುತ್ತಿದ್ದ.

ನಾಳೆ ಶಿಲುಬೆ ಹಬ್ಬ. ಗಾರೆಯವರ ಹಬ್ಬ. ಕಟ್ಟುತ್ತಿರುವ ಕಟ್ಟಡದ ನೆತ್ತಿಯ ಮೇಲೆ ಹೂವು, ಬಣ್ಣದ ಕಾಗದ ಸುತ್ತಿದ ಮರದ ಶಿಲುಬೆಯನ್ನು ಏರಿಸಿ ನಿಲ್ಲಿಸುತ್ತಾರೆ. ಅವತ್ತು ಯಾರೂ ಕರಣಿ ಮುಟ್ಟುವುದಿಲ್ಲ. ಧಣಿಯೇ ಆಳುಗಳಿಗೆ ಊಟ ಹಾಕಬೇಕು. ಪ್ರತಿ ಶಿಲುಬೆಗೂ ಒಬ್ಬ ಪದ್ರಿನೊ ಇರುತ್ತಾನೆ, ಶಿಲುಬೆಯ ಧರ್ಮತಂದೆ. ಈ ವರ್ಷ ಆ ಮರ್ಯಾದೆಯನ್ನು ಲಂದೆರೋಸ್ ತಾನಾಗಿ ಕೇಳಿ ತೆಗೆದುಕೊಂಡಿದ್ದ. ಕೆಲಸಗಾರರು ಮುಖ ಮುಖ ನೋಡಿಕೊಂಡಿದ್ದರು. ಎಂದೂ ಇಲ್ಲದ ಪ್ರೀತಿ ಎಲ್ಲಿಂದ ಉಕ್ಕಿತು ಎಂದು ಗೊಣಗಿದ್ದರು.

ಪ್ರೀತಿ ಎಲ್ಲಿಂದ ಉಕ್ಕಿತು ಎನ್ನುವುದು ಈಗ ಹೊರಬಂತು. ಊಟದ ಮೇಜುಗಳನ್ನು ಸೇತುವೆ ಹೊತ್ತ ಕಂಬ ನಿಂತಿರುವ ವಠಾರದ ಅಂಗಳದಲ್ಲಿ, ಆ ಕಂಬದ ಕೆಳಗೇ ಹಾಕಿಸುತ್ತಾನಂತೆ. ಅದೇ ಹೊತ್ತಿಗೆ ಮೇಲೆ ಭಾರ ಪರೀಕ್ಷೆ ನಡೆಯುತ್ತದಂತೆ. ಮರಳಿನ ಮೂಟೆಗಳನ್ನು ಕ್ರೇನಿನಲ್ಲಿ ಎತ್ತಿ ಸೇತುವೆಯ ಮೇಲೆ ಪೇರಿಸುವುದು, ಒಂದು ತುಂಬಿದ ರೈಲಿನಷ್ಟು ಭಾರ. ಅರ್ಧ ಬೆಳಿಗ್ಗೆ, ಉಳಿದರ್ಧ ಊಟದ ಹೊತ್ತಿಗೆ. ಕೆಳಗೆ ಕೆಲಸಗಾರರು, ಅವರ ಹೆಂಡತಿ ಮಕ್ಕಳು, ವಠಾರದವರು ಕೂತು ಕುರಿಮಾಂಸ ತಿನ್ನುತ್ತಿರಬೇಕು. ಪತ್ರಿಕೆಯವರು ಫೋಟೊ ತೆಗೆಯಬೇಕು.

"ಬಿರುಕು ಬಿರುಕು ಅಂತ ಊರೆಲ್ಲ ಬಾಯಿ ಬಡ್ಕೊತಾ ಇದೆ. ಕೆಳಗೆ ಕೂತು ಉಂಡೋರ ಫೋಟೊ ಬಂದ್ರೆ ಮಾತು ಮುಗೀತು," ಎಂದ. "ನೀನು ನಿಮ್ಮೂರ ಉಡುಗೆ ಹಾಕ್ಕೊಂಡ್ ಬಾ. ಆ ನೆರಿಗೆ ಲಂಗ, ಕಸೂತಿ ಹೊದಿಕೆ, ಎಲ್ಲ. ಮೊದಲು ನೀನು ಕೂತ್ಕೊ. ನಿಮ್ಮ ಜನ ನಿನ್ನ ನೋಡಿ ಕೂತ್ಕೊತಾರೆ."

ಕಂಬದಿಂದ ಚಾಚಿದ ತೋಳಿನಲ್ಲಿ ಬಿರುಕಿದೆ ಸಾರ್ ಎಂದಳು ಹೊವಿತಾ. ಕೂದಲೆಳೆಯಷ್ಟು ಎಂದ. ತುಂಬಿಸಿದ ಮೇಲೂ ಮತ್ತೆ ಬಾಯಿ ಬಿಟ್ಟಿದೆ ಎಂದಳು. ಬಣ್ಣ ಬಳಿಸಿದ್ದೀನಲ್ಲ ಎಂದ. ಸ್ವಲ್ಪ ಹೊತ್ತು ಪೆನ್ನಿನ ತುದಿಯಿಂದ ಮೇಜು ಕುಟ್ಟಿದ. ಆಮೇಲೆ ಅವನ ನಗು ಹೋಯಿತು.

"ಆ ಕಂಬದ ನಕ್ಷೆ ಬರೆದಿದ್ದು ಯಾರು ಮರಿಯಾ? ನೀನು. ಏನಾದ್ರೂ ಆದ್ರೆ ಜನ ಮೊದಲು ಕೇಳೋದು ಬರೆದವಳ ಹೆಸರು. ಅದ್ಕೇ ಹೇಳ್ತೀನಿ, ಏನೂ ಆಗಲ್ಲ ಅಂತ ನೀನೇ ನಂಬ್ಕೊ. ಒಳ್ಳೇದು."

ಹೌದು, ನಕ್ಷೆ ಬರೆದವಳು ಅವಳೇ. ಹೇಗೆ ಬರೆಸಿದರು ಎಂಬುದನ್ನೂ ಕೇಳಬೇಕು.

ನಕ್ಷೆಯಲ್ಲಿ ಕಂಬ ಮೊದಲು ರಸ್ತೆಯ ವಠಾರದ ಕಡೆಯ ಅಂಚಿನಲ್ಲಿತ್ತು, ಹಳಿಗಳ ನೇರ ಕೆಳಗೆ. ಅದೇ ಸರಿಯಾದ ಜಾಗ. ಆದರೆ ರಸ್ತೆಯಾಚೆ ಒಂದು ಕಾರಿನ ಶೋರೂಮ್ ಇತ್ತು. ಬಾಗಿಲಿಗೆ ಎದುರಾಗಿ ಕಂಬ ಬಂದರೆ ಗಿರಾಕಿ ಬರುವುದಿಲ್ಲ ಎಂದು ಶೋರೂಮಿನ ಧಣಿ ಒಂದು ಫೋನ್ ಮಾಡಿದ. ಒಂದೇ ಫೋನು. ಕಂಬ ರಸ್ತೆ ಬಿಟ್ಟು ವಠಾರದ ಅಂಗಳದೊಳಕ್ಕೆ ಹೋಯಿತು. ಹಳಿ ಇದ್ದಲ್ಲೇ ಉಳಿಯಿತು. ಹಾಗಾಗಿ ಕಂಬಕ್ಕೆ ಪಕ್ಕದಿಂದ ಒಂದು ತೋಳು ಚಾಚಿಸಬೇಕಾಯಿತು, ಕಾಂಕ್ರೀಟಿನ ಒಂಟಿ ತೋಳು. ರೈಲಿನ ಭಾರವೆಲ್ಲ ಆ ತೋಳಿನ ಮೇಲೆ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದವರ ಭುಜ ಹೇಗೆ ನೋಯುತ್ತದೋ ಆ ಕಂಬದ ಭುಜಕ್ಕೂ ಹಾಗೇ ನೋವು. ಹೊವಿತಾ ಲೆಕ್ಕ ಹಾಕಿ ತೋಳನ್ನು ದಪ್ಪಗೆ ಬರೆದಳು, ಒಳಗೆ ಒತ್ತೊತ್ತಾಗಿ ಸರಳು ಹಾಕಿದಳು. ಶೋರೂಮಿನಿಂದ ಇನ್ನೊಂದು ಫೋನು ಬಂತು. ಅಷ್ಟು ದಪ್ಪ ತೋಳು ಬಂದರೆ ತಮ್ಮ ಬೋರ್ಡು ಮುಚ್ಚಿಹೋಗುತ್ತದೆ. ದೂರದಿಂದ ಬರುವವರಿಗೆ ಹೆಸರು ಕಾಣುವುದಿಲ್ಲ. ಲಂದೆರೋಸ್ ಅವಳ ಹಿಂದೆ ನಿಂತು, ಬೆರಳನ್ನು ಪರದೆಗೆ ಒತ್ತಿ, ಇಲ್ಲಿಂದ ಕತ್ತರಿಸು ಎಂದ. ಆಗುವುದಿಲ್ಲ ಎಂದಳು. ಕತ್ತರಿಸಲು ಬರದಿದ್ದರೆ ಬರುವವರು ಬೇಕಾದಷ್ಟು ಜನ ಇದ್ದಾರೆ ಎಂದ. ಅವಳು ಕತ್ತರಿಸಿದಳು. ಕಾರಿನ ಬೋರ್ಡು ಕಾಣಬೇಕೆಂದು ಜನರ ತಲೆಯ ಮೇಲಿನ ತೋಳು ತೆಳ್ಳಗಾಯಿತು. ಇದಕ್ಕೆ ಆ ಕೋಣೆಯಲ್ಲಿ ಇಟ್ಟ ಹೆಸರು ವಿನ್ಯಾಸ.

ಹಬ್ಬದ ಹಿಂದಿನ ಆ ಮಧ್ಯಾಹ್ನವೇ ಹೊವಿತಾ ವಠಾರಕ್ಕೆ ಹೋದಳು.

ಮರಳಿನ ರಾಶಿ ರಸ್ತೆಯ ಅರ್ಧ ನುಂಗಿತ್ತು. ಗಂಡಸರು ಸಲಿಕೆಯಲ್ಲಿ ಮರಳು ಎತ್ತುತ್ತಿದ್ದರು, ಹೆಂಗಸರು ಚೀಲದ ಬಾಯಿ ಹಿಡಿದಿದ್ದರು. ಬೆಳಗಿನಿಂದ ಅದೇ ಕೆಲಸ. ಬಗ್ಗಿದ ಬೆನ್ನುಗಳು ನೆಟ್ಟಗಾಗಿರಲಿಲ್ಲ. ಬೆವರಿಗೆ ಮರಳು ಅಂಟಿ ಕತ್ತು ಕೆಂಪಾಗಿ ಸುಲಿದಿತ್ತು. ಚೀಲದ ಒರಟು ದಾರ ಎಳೆದೆಳೆದು ಹೆಂಗಸರ ಬೆರಳು ಒಡೆದಿದ್ದವು. ಒಬ್ಬಳು ಬೆರಳನ್ನು ಬಾಯಲ್ಲಿಟ್ಟು ರಕ್ತ ಚೀಪಿ, ಮರಳು ಉಗಿದು, ಮತ್ತೆ ಚೀಲ ಹಿಡಿದಳು. ತಮ್ಮ ತಲೆಯ ಮೇಲೆ ಪೇರಿಸುವ ಭಾರವನ್ನು ಅವರೇ ತುಂಬುತ್ತಿದ್ದರು. ನಾಳೆ ಹಬ್ಬ, ಮೂಟೆ ಎತ್ತುವುದಿಲ್ಲ ಎಂದು ಕೆಲವರು ಹೇಳಿ ನೋಡಿದ್ದರು. ಹಬ್ಬದ ದಿನ ಕರಣಿ ಮುಟ್ಟಬಾರದು ಅಷ್ಟೇ, ಮೂಟೆ ಕರಣಿಯಲ್ಲ ಎಂದು ಕಂಪನಿಯ ಮೇಸ್ತ್ರಿ ಅವರ ಬಾಯಿ ಮುಚ್ಚಿಸಿದ್ದ.

ಅಂಗಳದ ನಡುವೆ ಕಂಬ. ಮೊದಲು ಅಲ್ಲಿ ಬಟ್ಟೆ ಒಗೆಯುವ ಕಲ್ಲುತೊಟ್ಟಿಗಳಿದ್ದವು. ವಠಾರದ ಹೆಂಗಸರೆಲ್ಲ ಅಲ್ಲಿ ಒಗೆದರು, ಜಗಳವಾಡಿದರು, ಮಕ್ಕಳನ್ನು ಮೀಯಿಸಿದರು. ಕಂಬ ಬಂದು ತೊಟ್ಟಿಗಳನ್ನು ಒಡೆದುಹಾಕಿತು. ಈಗ ಅವರು ಬಟ್ಟೆಗಂಟು ಹೊತ್ತು ಮಾರುಕಟ್ಟೆಯ ಹಿಂದಿನ ನಲ್ಲಿಗೆ ಹೋಗುತ್ತಾರೆ. ರೈಲು ಅವರ ಬಿಡಾರದ ಮೇಲೇ ಹೋಗುತ್ತದೆ, ನಿಲ್ಲುವುದಿಲ್ಲ. ಮುಂದಿನ ನಿಲ್ದಾಣ ಅಂಗಡಿ ಸಾಲಿನ ಬಳಿ. ಹತ್ತಬೇಕಾದರೆ ನಡೆದು ಹೋಗಬೇಕು.

ಕಂಬದ ಬುಡಕ್ಕೆ ಒತ್ತಿಕೊಂಡು ಸೊಲೆದಾದ್ ಅಜ್ಜಿಯ ಒಂದು ಕೋಣೆಯ ಮನೆ. ಬಾಗಿಲ ಹೊರಗೆ ಅವಳ ತಗಡಿನ ಇದ್ದಿಲ ಒಲೆ. ನೀಲಿ ಮೆಕ್ಕೆಜೋಳದ ಹಿಟ್ಟಿನೊಳಗೆ ಅವರೆ ತುಂಬಿ ತಟ್ಟಿ, ತ್ಲಕೋಯೊ ಬೇಯಿಸಿ ಮಾರುತ್ತಾಳೆ. ಈ ಕಂಬ ಕಟ್ಟಿದವರೆಲ್ಲ ಅವಳ ಕೈಯ ತ್ಲಕೋಯೊ ತಿಂದೇ ಕಟ್ಟಿದ್ದು.

"ಬಾ ತಾಯಿ, ಇಂಜಿನಿಯರಮ್ಮ," ಎಂದಳು ಅಜ್ಜಿ. "ನಿನ್ನ ಕಂಬ ನಿನ್ನೆ ನನ್ನ ಮೇಲೆ ಬಣ್ಣ ಉಗೀತು. ಹಿಟ್ಟಿಗೆ ಬಿತ್ತು. ಗಿರಾಕಿ ಕೇಳಿದ್ರೆ ಎಳ್ಳು ಅಂದೆ."

ಪಕ್ಕದಲ್ಲಿ ಸಲಿಕೆ ಊರಿ ನಿಂತಿದ್ದ ಫಾನಿಯೊ ನಗಲಿಲ್ಲ. ಅವನು ಹೊವಿತಾಳ ಅವ್ವನ ತಮ್ಮ. ಅವನ ಗುಂಪೇ ಈ ತೋಳಿಗೆ ಸರಳು ಕಟ್ಟಿದ್ದು, ಕಾಂಕ್ರೀಟು ಸುರಿದದ್ದು, ಆಮೇಲೆ ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿದದ್ದು. ಎರಡು ಸಲ ಬಳಿದರು. ಎರಡು ಸಲವೂ ಬಿರುಕು ಬಣ್ಣ ಸೀಳಿ ಹೊರಬಂತು. ಅಕ್ಕ ಸತ್ತ ಮೇಲೆ ಹೊವಿತಾಳನ್ನು ಓದಿಸಿದ್ದೂ ಅವನೇ, ಇಂಥದೇ ಸಲಿಕೆ ಹಿಡಿದು.

ಲಂದೆರೋಸ್ ಹೇಳಿದ್ದನ್ನೆಲ್ಲ ಹೊವಿತಾ ಅವನಿಗೆ ಹೇಳಿದಳು. ಮೇಜು, ಫೋಟೊ, ಉಡುಗೆ, ಎಲ್ಲ. ಅವನು ಕೇಳಿಸಿಕೊಂಡು ತಲೆ ಎತ್ತಿ ತೋಳಿನ ಕಡೆ ನೋಡಿದ.

"ನಿಲ್ಲುತ್ತಾ?"

"ಗೊತ್ತಿಲ್ಲ ಮಾಮ."

"ಗೊತ್ತಿಲ್ಲ ಅನ್ನೋಕೆ ಅಷ್ಟು ವರ್ಷ ಓದಿದ್ಯಾ?"

"ನಾಳೆ ನಿಲ್ಲಬಹುದು. ರೈಲು ದಿನಾ ಓಡೋಕೆ ಶುರುವಾದ ಮೇಲೆ ಎಷ್ಟು ದಿನ ನಿಲ್ಲುತ್ತೋ ಗೊತ್ತಿಲ್ಲ. ನಾಳೆ ನಿಂತ್ರೆ ಆಮೇಲೆ ನಮ್ಮ ಮಾತು ಯಾರೂ ಕೇಳಲ್ಲ. ನೀವೇ ಕೂತು ಉಂಡ್ರಲ್ಲ ಅಂತಾರೆ."

"ನಿಲ್ಲಬಹುದು," ಎಂದ ಫಾನಿಯೊ. ಆ ಪದವನ್ನು ಹಲ್ಲಿನ ನಡುವೆ ಕಲ್ಲು ಸಿಕ್ಕವನಂತೆ ಹೊರಳಿಸಿದ. "ನಿಲ್ಲಬಹುದು ಅನ್ನೋದರ ಕೆಳಗೆ ನನ್ನ ಹೆಂಡ್ತಿ ಮಕ್ಕಳನ್ನ ಕೂರಿಸಬೇಕು. ಕೂರಲ್ಲ ಅಂದ್ರೆ ನಾಡಿದ್ದರಿಂದ ಕೆಲಸ ಇಲ್ಲ. ಇಡೀ ಗುಂಪಿಗೇ ಇಲ್ಲ. ಈ ಲೈನಲ್ಲಿ ಬೇರೆ ಯಾವ ಮೇಸ್ತ್ರೀನೂ ಕರೆಯಲ್ಲ. ಇದೆಲ್ಲ ನಿನಗೆ ಗೊತ್ತು."

ಗೊತ್ತಿತ್ತು. ಲಂದೆರೋಸ್ ಯಾರನ್ನೂ ಕಟ್ಟಿಹಾಕಿರಲಿಲ್ಲ. ಬಲವಂತ ಮಾಡಿರಲಿಲ್ಲ. ಊಟಕ್ಕೆ ಕರೆದಿದ್ದ ಅಷ್ಟೇ. ಹೊಟ್ಟೆಪಾಡು ಉಳಿದ ಕೆಲಸವನ್ನು ಮಾಡುತ್ತಿತ್ತು.

"ಮಾಮ, ಪದ್ರಿನೊ ಎಲ್ಲಿ ಕೂರಬೇಕು?" ಎಂದು ಕೇಳಿದಳು.

ಫಾನಿಯೊ ಹುಬ್ಬು ಗಂಟಿಕ್ಕಿದ. ಇದೆಂಥ ಪ್ರಶ್ನೆ? ಗಾರೆಯವರ ಮಕ್ಕಳಿಗೆಲ್ಲ ಗೊತ್ತಿರುವುದೇ. ಶಿಲುಬೆಯ ಧರ್ಮತಂದೆ ಶಿಲುಬೆಯ ನೇರ ಕೆಳಗೆ, ಮೇಜಿನ ತಲೆಯಲ್ಲಿ ಕೂರಬೇಕು. ಮೊದಲ ತುತ್ತು ಅವನದು. ಅವನು ಕೂತು ಉಣ್ಣದೆ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಹಾಕಿದರೆ ಆ ಕಟ್ಟಡಕ್ಕೆ ಕೇಡು, ಕಟ್ಟಿದವರಿಗೂ ಕೇಡು. ಫಾನಿಯೊನ ಅಪ್ಪ ಹಾಗೆ ನಂಬಿದ್ದ, ಅವನೂ ನಂಬಿದ್ದ.

"ಶಿಲುಬೆ ಎಲ್ಲಿ ನಿಲ್ಲಿಸ್ತೀರಿ?"

"ಎತ್ತರದ ಜಾಗದಲ್ಲಿ. ತೋಳಿನ..." ಎಂದು ಶುರು ಮಾಡಿದ ಫಾನಿಯೊ ಅಲ್ಲೇ ನಿಲ್ಲಿಸಿದ. ಸಲಿಕೆಯ ಹಿಡಿಯ ಮೇಲೆ ಅವನ ಬೆರಳು ಬಿಗಿಯಾದವು. "ತೋಳಿನ ತುದೀಲಿ," ಎಂದ ನಿಧಾನವಾಗಿ.

ಒಲೆಯ ಬಳಿ ಅಜ್ಜಿ ಕೈಯಲ್ಲಿದ್ದ ಹಿಟ್ಟು ತಟ್ಟುವುದನ್ನು ಬಿಟ್ಟಿದ್ದಳು.

ಮಾರನೇ ಬೆಳಿಗ್ಗೆ ಶಿಲುಬೆ ಏರಿತು. ಪಾದ್ರಿ ಬಂದು ನೀರು ಚಿಮುಕಿಸಿ ಹೋದರು. ಪಟಾಕಿ ಹಾರಿಸಿದರು. ತೋಳಿನ ತುದಿಯಲ್ಲಿ ಕೆಂಪು, ನೀಲಿ ಕಾಗದದ ಮಾಲೆಗಳು ಗಾಳಿಗೆ ಪಟಪಟಿಸುತ್ತಿದ್ದವು. ಅದರ ಹಿಂದೆಯೇ ಕ್ರೇನು ಮೂಟೆ ಎತ್ತಲು ಶುರು ಮಾಡಿತು. ಹಬ್ಬದ ಬಟ್ಟೆ ಉಟ್ಟವರು ಅದರ ಮೇಲೇ ಮರಳು ಸುರಿದುಕೊಂಡು ಕೊಕ್ಕೆಗೆ ಮೂಟೆ ಸಿಕ್ಕಿಸಿದರು. ಮೂಟೆ ಮೇಲೇರಿದ ಹಾಗೆ ತಲೆ ಎತ್ತಿ ನೋಡಿದರು. ಮೂಟೆ ಕಣ್ಣಿಗೆ ಕಾಣದಾದಾಗ ತಲೆ ತಗ್ಗಿಸಿ ಇನ್ನೊಂದು ಸಿಕ್ಕಿಸಿದರು. ಯಾರೂ ಹಾಡಲಿಲ್ಲ. ಬೇರೆ ವರ್ಷ ಈ ಹೊತ್ತಿಗೆ ಅರ್ಧ ಜನ ಕತ್ತಾಳೆಯ ಹೆಂಡ ಪುಲ್ಕೆ ಕುಡಿದು ಹಾಡುತ್ತಿರುತ್ತಿದ್ದರು.

ಹೊವಿತಾ ಜೀನ್ಸ್ ಪ್ಯಾಂಟು, ಕಂಪನಿಯ ಅಂಗಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಂದಳು. ಅವ್ವನ ನೆರಿಗೆ ಲಂಗ ಪೆಟ್ಟಿಗೆಯಲ್ಲೇ ಇತ್ತು. ಲಂದೆರೋಸ್ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹಲ್ಲು ಕಚ್ಚಿ, ಆಮೇಲೆ ಮಾತಾಡೋಣ ಎಂದ. ಕಂಪನಿಯ ದೊಡ್ಡವರಿಗೆ ರಸ್ತೆಯಾಚೆ ಶೋರೂಮಿನ ಮುಂದೆ ಬಿಳಿ ಶಾಮಿಯಾನ ಹಾಕಿದ್ದರು. ಅಲ್ಲಿ ಫ್ಯಾನು ತಿರುಗುತ್ತಿತ್ತು. ತಣ್ಣನೆಯ ಬಿಯರು ಇತ್ತು. ಆ ಶಾಮಿಯಾನ ಸೇತುವೆಯಿಂದ ಎಷ್ಟು ದೂರ ಇರಬೇಕೆಂದು ಅವರು ಚೆನ್ನಾಗಿಯೇ ಲೆಕ್ಕ ಹಾಕಿದ್ದರು. ಈ ಲೆಕ್ಕದಲ್ಲಿ ಮಾತ್ರ ಯಾರೂ ಏನೂ ಕತ್ತರಿಸಿರಲಿಲ್ಲ.

ಮಧ್ಯಾಹ್ನಕ್ಕೆ ಅರ್ಧ ಮೂಟೆಗಳು ಮೇಲಿದ್ದವು. ಮೇಜುಗಳನ್ನು ತೋಳಿನ ಕೆಳಗೆ ಸಾಲಾಗಿ ಹಾಕಿದರು. ನೆಲದಡಿಯ ಗುಂಡಿಯಲ್ಲಿ ರಾತ್ರಿಯಿಡೀ ಬೆಂದ ಕುರಿಮಾಂಸ ಬಂತು. ಮೇಲೆ ಮುಚ್ಚಿದ್ದ ಕತ್ತಾಳೆ ಎಲೆಗಳನ್ನು ಎತ್ತಿದರೆ ಹಬೆ ಎದ್ದಿತು. ಮೆಕ್ಕೆಜೋಳದ ಬಿಸಿ ರೊಟ್ಟಿ ತೊರ್ತಿಯಾ, ಹಸಿರು ಮೆಣಸಿನ ಚಟ್ನಿ, ಈರುಳ್ಳಿ. ಮಕ್ಕಳು ಓಡಿ ಬಂದು ಕೂತವು. ಹೆಂಗಸರು ಕೂತರು, ಅವರ ನಡುವೆ ಹೊವಿತಾ ಕೂತಳು. ಗಂಡಸರು ಮೇಲೊಮ್ಮೆ ನೋಡಿ ಕೂತರು. ಅವರು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಪಾದಗಳು ಓಡುವವರ ಪಾದಗಳಂತೆ ಹೊರಕ್ಕೆ ತಿರುಗಿದ್ದವು. ಕ್ಯಾಮರಾ ಹಿಡಿದವರು ಬಂದು, ನಗಿ ನಗಿ ಎಂದರು.

ಕ್ರೇನು ಇನ್ನೊಂದು ಮೂಟೆಯನ್ನು ಮೇಲೆ ಇಳಿಸಿತು. ಧಪ್ ಎಂದಿತು. ತೋಳಿನ ಕುತ್ತಿಗೆಯಿಂದ ಉಗುರಗಲದ ಬಿಳಿ ಬಣ್ಣದ ಹಕ್ಕಳೆಯೊಂದು ಕಳಚಿ, ತೇಲುತ್ತ ಬಂದು, ಚಟ್ನಿಯ ಬಟ್ಟಲಿಗೆ ಬಿತ್ತು.

ಸೊಲೆದಾದ್ ಅಜ್ಜಿ ಎರಡು ಬೆರಳಲ್ಲಿ ಆ ಹಕ್ಕಳೆಯನ್ನು ಎತ್ತಿ, ಚಟ್ನಿ ಒರೆಸಿ, ಮೇಜಿನ ಬಟ್ಟೆಯ ಮೇಲಿಟ್ಟಳು.

ಹೊವಿತಾ ಎದ್ದಳು.

"ಯಾರೂ ಕೈ ಹಾಕಬೇಡಿ. ಪದ್ರಿನೊ ಇನ್ನೂ ಕೂತಿಲ್ಲ."

ತಟ್ಟೆಗೆ ಹೋಗಿದ್ದ ಕೈಗಳು ಹಿಂದೆ ಬಂದವು. ತಾಯಂದಿರು ಮಕ್ಕಳ ಕೈಯಿಂದ ತೊರ್ತಿಯಾ ಕಿತ್ತುಕೊಂಡರು. ಫಾನಿಯೊ ಎದ್ದು ಮೇಜಿನ ತಲೆಯಲ್ಲಿದ್ದ ಖಾಲಿ ಕುರ್ಚಿಯನ್ನು ಎಳೆದ, ಶಿಲುಬೆಯ ನೇರ ಕೆಳಗೆ, ತೋಳಿನ ನೇರ ಕೆಳಗೆ. ಕುರ್ಚಿಯ ಧೂಳನ್ನು ತನ್ನ ಹಬ್ಬದ ಅಂಗಿಯ ತೋಳಿನಿಂದ ಒರೆಸಿದ. ಆಮೇಲೆ ರಸ್ತೆಯಾಚೆ ನೋಡಿ ಟೋಪಿ ತೆಗೆದ.

"ಬನ್ನಿ ಸಾಹೇಬ್ರೇ. ನಿಮಗೋಸ್ಕರ ಕಾಯ್ತಾ ಇದೀವಿ."

ಲಂದೆರೋಸ್ ಶಾಮಿಯಾನದಿಂದ ಕೈ ಬೀಸಿದ, ಶುರು ಮಾಡಿ ಎನ್ನುವಂತೆ. ಯಾರೂ ಶುರು ಮಾಡಲಿಲ್ಲ. ಮೇಸ್ತ್ರಿ ಓಡಿ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಕ್ಯಾಮರಾಗಳು ಅತ್ತ ತಿರುಗಿದವು. ಅವನು ನಗು ಅಂಟಿಸಿಕೊಂಡು ರಸ್ತೆ ದಾಟಿ ಬಂದ. ಸೇತುವೆಯ ನೆರಳು ನೆಲದ ಮೇಲೆ ಬಿದ್ದಿತ್ತು. ನೆರಳಿನ ಅಂಚಿಗೆ ಬಂದು ನಿಂತ. ಬೂಟಿನ ತುದಿ ನೆರಳಿಗೆ ತಾಗಲಿಲ್ಲ.

ನೀವು ಮನೆಯವರ ಹಾಗೆ ಉಣ್ಣಿ, ನನಗೆ ಹೊಟ್ಟೆ ಸರಿಯಿಲ್ಲ ಎಂದ. ಒಂದು ತುತ್ತು ಸಾಕು ಎಂದರು. ಇಲ್ಲೇ ನಿಂತು ತಿನ್ನುತ್ತೇನೆ, ತನ್ನಿ ಎಂದ. ಕೂತೇ ತಿನ್ನಬೇಕು, ಶಿಲುಬೆಯ ಕೆಳಗೇ ಕೂರಬೇಕು, ಅದು ನಮ್ಮ ಪದ್ಧತಿ ಎಂದ ಫಾನಿಯೊ. ದನಿಯಲ್ಲಿ ಸಿಟ್ಟಿರಲಿಲ್ಲ. ಅತಿಥಿಯನ್ನು ಉಪಚರಿಸುವವನ ವಿನಯವಿತ್ತು. ಲಂದೆರೋಸನ ಕತ್ತಿನ ಮೇಲೆ ಬೆವರಿನ ಗೆರೆ ಇಳಿಯಿತು. ತಲೆ ಎತ್ತಿ ತೋಳಿನ ಕಡೆ ನೋಡಿದ. ಒಂದು ಗಳಿಗೆ ಮಾತ್ರ. ಆ ಒಂದು ಗಳಿಗೆಯನ್ನು ಮೇಜಿನ ಸುತ್ತ ಇದ್ದವರೆಲ್ಲ ನೋಡಿದರು. ಸೇತುವೆ ಬರೆಸಿದವನ ಕಣ್ಣಲ್ಲಿ ಸೇತುವೆಯ ಭಯ.

"ನಿಮಗೆ ಹೇಳಿದ್ರೆ ಅರ್ಥ ಆಗಲ್ಲ," ಎಂದ. ತಾಳ್ಮೆ ಕಳಚಿಹೋಗಿತ್ತು. "ಭಾರ ಪರೀಕ್ಷೆ ನಡೀವಾಗ ಜವಾಬ್ದಾರಿ ಇರೋ ಇಂಜಿನಿಯರು ಕೆಳಗೆ ನಿಲ್ಲೋ ಹಾಗಿಲ್ಲ. ಸುರಕ್ಷತಾ ನಿಯಮ. ನಾನು ಮಾಡಿದ ನಿಯಮ ಅಲ್ಲ."

ಹೊವಿತಾ ಒಂದು ಹೆಜ್ಜೆ ಮುಂದೆ ಬಂದಳು.

"ನಮಗೆ ಆ ನಿಯಮ ಇಲ್ವಾ ಸಾರ್?"

ಅವನು ಕ್ಯಾಮರಾಗಳ ಕಡೆ ನೋಡಿದ. ಕ್ಯಾಮರಾ ಹಿಡಿದಿದ್ದ ಹುಡುಗಿಯೊಬ್ಬಳು ಕ್ಲಿಕ್ ಕ್ಲಿಕ್ ಎನ್ನಿಸುತ್ತಿದ್ದಳು. ಫಾನಿಯೊನ ಹೆಂಡತಿ ಮೊದಲು ಎದ್ದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮಗುವಿನ ರಟ್ಟೆ. ನೆರಳು ದಾಟಿ ಬಿಸಿಲಿಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಕುರ್ಚಿಗಳು ಬಿದ್ದವು. ಕೊಕ್ಕೆ ಸಿಕ್ಕಿಸುತ್ತಿದ್ದವರು ಮೂಟೆ ಬಿಟ್ಟು ಬಂದರು. ನಡು ಮಧ್ಯಾಹ್ನದ ಬಿಸಿಲಲ್ಲಿ, ಡಾಂಬರು ಸುಡುವ ರಸ್ತೆಯ ಮೇಲೆ, ತಟ್ಟೆ ಹಿಡಿದ ಜನ ತುಂಬಿ ನಿಂತರು. ಯಾರೂ ಉಣ್ಣುತ್ತಿರಲಿಲ್ಲ.

"ಮರಿಯಾ," ಎಂದ ಲಂದೆರೋಸ್. ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಂತೆ. "ನಿನ್ನ ಕಥೆ ಮುಗೀತು. ಕೇಳ್ತಾ ಇದೀಯಾ? ಮರಿಯಾ."

ಹೊವಿತಾ ತಿರುಗಿ ನೋಡಲಿಲ್ಲ. ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ.

ಎದೆಯಲ್ಲಿ ಏನೋ ಹಗುರಾಗಿತ್ತು. ಎಲ್ಲರೂ ಹೊರಗೆ ಬಂದರು, ಗೆದ್ದೆವು ಎಂದುಕೊಂಡಳು. ಆಗ ಅವಳ ಕಣ್ಣಿಗೆ ಸೊಲೆದಾದ್ ಅಜ್ಜಿ ಬಿದ್ದಳು. ಅಜ್ಜಿ ಬಂದಿರಲಿಲ್ಲ. ತೋಳಿನ ಕೆಳಗೆ, ತನ್ನ ಬಾಗಿಲ ಮುಂದೆ, ಒಲೆಯ ಪಕ್ಕದ ಮಣೆಗೆ ವಾಪಸು ಹೋಗಿ ಕೂತಿದ್ದಳು. ಹೊರಗೆ ಬಾ ಅಜ್ಜಿ, ಬೇಗ ಬಾ ಎಂದು ನಾಲ್ಕಾರು ಜನ ಕೂಗಿದರು.

"ನೀವೆಲ್ಲ ತಟ್ಟೆ ಎತ್ಕೊಂಡು ಹೋದ್ರಿ," ಎಂದಳು ಅಜ್ಜಿ. ಕೂಗಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ನಾನೇನು ಎತ್ಕೊಂಡ್ ಬರ್ಲಿ? ಮನೇನಾ? ಇವತ್ತು ಎದ್ದು ಬರ್ತೀನಿ. ರಾತ್ರಿ ಎಲ್ಲಿ ಮಲಗ್ಲಿ? ಮುಂದೆ ರೈಲು ಓಡುತ್ತಲ್ಲ, ಆವಾಗ ದಿನಾ ಎಷ್ಟು ಸಲ ಎದ್ದು ಓಡ್ಲಿ?"

ವಠಾರದ ಹೆಂಗಸರು ತಮ್ಮ ತಮ್ಮ ಬಾಗಿಲುಗಳ ಕಡೆ ನೋಡಿದರು. ಬಾಗಿಲುಗಳೆಲ್ಲ ಆ ನೆರಳಿನೊಳಗೇ ಇದ್ದವು. ಹೊವಿತಾಳಿಗೆ ನಾಚಿಕೆಯಾಯಿತು. ಕಣ್ಣು ಉರಿಯಿತು. ತಟ್ಟೆ ಎತ್ತಿಕೊಂಡು ಬಂದವರಿಗೆ ಇದು ಒಂದು ದಿನದ ಗೆಲುವು. ಆ ಕಂಬವನ್ನು ಅಂಗಳದೊಳಗೆ ತಂದು ನಿಲ್ಲಿಸಿದ ಕೈ ತನ್ನದೂ ಹೌದು. ಅವಳು ಹೆಲ್ಮೆಟ್ ತೆಗೆದು ನೆಲಕ್ಕಿಟ್ಟಳು. ಅರ್ಧ ರೈಲಿನ ಭಾರ ಹೊತ್ತು ನಿಂತ ತೋಳಿನ ಕೆಳಗೆ ಅದರಿಂದ ಏನು ಪ್ರಯೋಜನ? ಮತ್ತೆ ನೆರಳಿನೊಳಗೆ ನಡೆದಳು. ಹಿಂದಿನಿಂದ ಫಾನಿಯೊ ಅವಳ ಹೆಸರು ಕೂಗಿದ. ಮೇಲೆ ನೋಡಲಿಲ್ಲ. ನೋಡಿದರೆ ಕಾಲು ಏಳುವುದಿಲ್ಲ ಎಂದು ಗೊತ್ತಿತ್ತು.

"ಅಜ್ಜಿ, ಮನೆ ಎತ್ತೋಕಾಗಲ್ಲ," ಎಂದಳು. "ಒಲೆ ಎತ್ತಬಹುದು."

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಂಥ ತನ್ನ ರೆಬೋಸೊ ಶಾಲನ್ನು ಎರಡು ತುಂಡಾಗಿ ಹರಿದು ಒಂದನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಕೈಗೆ ಬಟ್ಟೆ ಸುತ್ತಿ ಉರಿಯುವ ಒಲೆಯ ಎರಡು ಕಿವಿ ಹಿಡಿದು ಎತ್ತಿದರು. ಬಟ್ಟೆ ದಾಟಿ ಬಿಸಿ ಅಂಗೈಗೆ ಬಂತು. ಬಿಡಲಿಲ್ಲ. ಇದ್ದಿಲ ಕಿಡಿ ಹಾರಿ ಹೊವಿತಾಳ ತೋಳಿಗೆ ತಾಗಿತು. ಬಿಡಲಿಲ್ಲ. ನೆರಳು ದಾಟಿದರು, ಜನರನ್ನು ದಾಟಿದರು, ನೇರ ಕ್ರೇನಿನ ಬಳಿ ಹೋದರು. ಒಂದು ಮೂಟೆ ಕೊಕ್ಕೆಯಲ್ಲಿ ನೆಲಬಿಟ್ಟು ತೂಗುತ್ತಿತ್ತು. ಅದರ ಕೆಳಗಲ್ಲ, ಕ್ರೇನಿನ ಚಕ್ರದ ಮುಂದೆ, ಒಲೆ ಇಟ್ಟರು. ಅಜ್ಜಿ ಮಣೆ ತರಿಸಿಕೊಂಡು ಕೂತಳು. ಬೀಸಣಿಗೆಯಿಂದ ಬೀಸಿದಳು. ಇದ್ದಿಲು ಕೆಂಪಾಯಿತು.

ಫಾನಿಯೊ ಜನರ ಕಡೆ ತಿರುಗಿದ. ಏನೂ ಹೇಳಬೇಕಾಗಿ ಬರಲಿಲ್ಲ. ಗಂಡಸರು ಓಡಿ ಹೋಗಿ ಮೇಜುಗಳನ್ನು ಎತ್ತಿ ತಂದರು, ಒಂದನ್ನು ಕ್ರೇನಿನ ಹಿಂದೆ, ಒಂದನ್ನು ಮುಂದೆ, ಉಳಿದವನ್ನು ಮೂಟೆ ತುಂಬಿದ ಲಾರಿಗಳಿಗೆ ಅಡ್ಡ. ಹೆಂಗಸರು ಕುರ್ಚಿ ತಂದರು. ಮೇಲಿನ ಮೂಟೆಗಳನ್ನು ಮೊದಲು ಇಳಿಸಬೇಕು, ಆ ತೋಳನ್ನು ಒಡೆದು ಹೊವಿತಾ ಮೊದಲು ಬರೆದ ಹಾಗೆ ದಪ್ಪಗೆ ಕಟ್ಟಬೇಕು, ಅಲ್ಲಿವರೆಗೆ ಒಂದು ಚಕ್ರವೂ ಉರುಳುವುದಿಲ್ಲ ಎಂದು ಫಾನಿಯೊ ಹೇಳಿದ. ಬೋರ್ಡು ಕಾಣದಿದ್ದರೆ ಕಾರಿನ ಧಣಿ ಛಾವಣಿ ಮೇಲೆ ಹತ್ತಿ ಕೂಗಿ ಮಾರಲಿ ಎಂದು ಒಬ್ಬಳು ಸೇರಿಸಿದಳು. ಅವತ್ತಿನ ಮೊದಲ ನಗು ಆಗ ಬಂತು.

ಲಂದೆರೋಸ್ ಪೊಲೀಸರಿಗೆ ಫೋನು ಮಾಡುತ್ತಿದ್ದ. ಮೇಸ್ತ್ರಿ ಕ್ರೇನು ನಡೆಸುವವನಿಗೆ ಕೈ ಮಾಡಿ, ಹಾರ್ನು ಹಾಕು, ಹೆದರಿಸು ಎಂದ. ಕ್ರೇನಿನವನು ಬೇರೆ ಊರಿನವನು, ಈ ಜಗಳದಲ್ಲಿ ಅವನಿಗೆ ಪಾಲಿಲ್ಲ. ಅವನು ಗಾಜಿನೊಳಗಿಂದ ಕೆಳಗೆ ನೋಡಿದ. ಚಕ್ರದ ಮುಂದೆ ಮುದುಕಿ, ಒಲೆ, ಒಲೆಯ ಮೇಲೆ ಉಬ್ಬುತ್ತಿರುವ ನೀಲಿ ತ್ಲಕೋಯೊ. ಕೊಕ್ಕೆಯ ಮೂಟೆಯನ್ನು ಮೆ‌ಲ್ಲಗೆ ನೆಲಕ್ಕಿಳಿಸಿದ. ಇಂಜಿನ್ ಆರಿಸಿದ. ಇಳಿದು ಬಂದು ಕೈ ತೊಳೆಯಲು ನೀರೆಲ್ಲಿ ಎಂದು ಕೇಳಿದ.

ದೂರದಲ್ಲಿ ಸೈರನ್ ಕೇಳಿಸಿತು. ಹೊವಿತಾಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವಳು ಮೇಜಿನ ಬಳಿ ಕೂತಳು. ಪಕ್ಕದಲ್ಲಿ ಫಾನಿಯೊ ಕೂತ. ಯಾರೂ ಏಳಲಿಲ್ಲ.

ಸೊಲೆದಾದ್ ಅಜ್ಜಿ ಮೊದಲ ತ್ಲಕೋಯೊ ತೆಗೆದು ತಟ್ಟೆಗೆ ಹಾಕಿದಳು. ಮೇಲೆ ಚಟ್ನಿ ಸುರಿದಳು. ಮೇಜಿನ ತಲೆಯ ಖಾಲಿ ಕುರ್ಚಿಯ ಮುಂದೆ ತಟ್ಟೆ ಇಟ್ಟು, ಫೋನು ಕಿವಿಗಿಟ್ಟು ನಿಂತಿದ್ದ ಲಂದೆರೋಸನನ್ನು ಕರೆದಳು.

"ಇಲ್ಲಿ ಕೂತ್ಕೊಬಹುದು ಬನ್ನಿ ಸಾಹೇಬ್ರೇ. ಇಲ್ಲಿ ತಲೆ ಮೇಲೆ ನಿಮ್ಮದೇನೂ ಇಲ್ಲ."

ಅವನು ಬರಲಿಲ್ಲ. ತ್ಲಕೋಯೊ ಆರುತ್ತಿತ್ತು. ಅಜ್ಜಿ ಇನ್ನೊಂದು ತಟ್ಟತೊಡಗಿದಳು.